19 ಲೀಟರ್ ಬಾಲ್‌ಲಾಕ್ ಕೆಗ್: ನಾಲ್ಕು ವರ್ಷ ಬಳಸಿದ ಮೇಲೆ

ಮನೆಯಲ್ಲೇ ಕೊಂಬುಚಾ (ಹುದುಗಿಸಿದ ಚಹಾ), ಶುಂಠಿ ಸೋಡಾ ಮಾಡುವವರು ಈ ಸ್ಟೀಲ್ ಕೆಗ್ (ಪಾನೀಯವನ್ನು ಗ್ಯಾಸ್ ಒತ್ತಡದಲ್ಲಿ ಇಡುವ ಪೀಪಾಯಿ) ಧಾರಾಳವಾಗಿ ಕೊಳ್ಳಬಹುದು, ಸೆಕೆಂಡ್‌ಹ್ಯಾಂಡ್ ಆದರೂ ಸರಿ. ನಾಲ್ಕು ವರ್ಷದಲ್ಲಿ ಸ್ಟೀಲಿಗೆ ಏನೂ ಆಗಿಲ್ಲ. ಕೈಕೊಡುವುದು ಗ್ಯಾಸ್ ತಡೆಯುವ ರಬ್ಬರ್ ರಿಂಗ್‌ಗಳು. ಅಡುಗೆ ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ. ಪಾನೀಯಕ್ಕೆ ಸಿಲಿಂಡರಿನಿಂದ ತುಂಬುವ ಕಾರ್ಬನ್ ಡೈಆಕ್ಸೈಡ್‌ಗೆ ವಾಸನೆಯೇ ಇಲ್ಲ, ಸಿಲಿಂಡರ್ ಬರಿದಾದ ಮೇಲೆಯೇ ತಿಳಿಯುವುದು.

ಮೊದಲ ಅನುಮಾನ ಮುಚ್ಚಳದ ದೊಡ್ಡ ಓ-ರಿಂಗ್ ಮೇಲಿರಲಿ. ಅದಕ್ಕೆ ಫುಡ್‌ಗ್ರೇಡ್ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ, ಮುಚ್ಚಳ ಕೂರಿಸಿ, 30 ಪಿಎಸ್‌ಐ (ಒತ್ತಡದ ಅಳತೆ) ಗ್ಯಾಸ್ ಕೊಡಿ. ಮುಚ್ಚಳ ಬಿಗಿಯಾಗುವುದು ಒಳಗಿನ ಒತ್ತಡದಿಂದ. 5 ಪಿಎಸ್‌ಐನಲ್ಲಿ ಸೋರುವ ಕೆಗ್ 30ಕ್ಕೆ ಸುಮ್ಮನಾಗುವುದು ಅದಕ್ಕೇ. ವ್ಯಾಸಲೀನ್ ಹಚ್ಚಬೇಡಿ, ರಿಂಗಿನ ಇಪಿಡಿಎಂ (ಒಂದು ಬಗೆಯ ಕೃತಕ ರಬ್ಬರ್) ಊದಿಕೊಳ್ಳುತ್ತದೆ. ಸಿಲಿಕಾನ್ ರಿಂಗ್ ಮೆತ್ತಗೆ ಕೂರುತ್ತದೆ ನಿಜ, ಆದರೆ ಗ್ಯಾಸ್ ಅದರೊಳಗಿಂದಲೇ ಮೆಲ್ಲಗೆ ಹಾಯುತ್ತದೆ. ನನ್ನ ಮತ ಇಪಿಡಿಎಂಗೆ.

ಪರೀಕ್ಷೆ ಖಾಲಿ ಕೆಗ್‌ನಲ್ಲೇ ಆಗಬೇಕು. ಪಾನೀಯ ತುಂಬಿದ್ದರೆ ಅದು ಗ್ಯಾಸ್ ಹೀರಿಕೊಂಡು ಗೇಜಿನ ಮುಳ್ಳು ಇಳಿಯುತ್ತದೆ, ಇಲ್ಲದ ಸೋರಿಕೆ ಹುಡುಕುತ್ತಾ ಕೂರುತ್ತೀರಿ. 30 ಪಿಎಸ್‌ಐ ತುಂಬಿ, ಸಿಲಿಂಡರ್ ವಾಲ್ವ್ ಮುಚ್ಚಿ, ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರನ್ನು ಮುಚ್ಚಳದ ಸುತ್ತ, ಸೇಫ್ಟಿ ವಾಲ್ವ್‌ಗೆ, ಎರಡೂ ಪೋಸ್ಟ್‌ಗಳ (ಪೈಪಿನ ಕನೆಕ್ಟರ್ ಕೂರುವ ಮೂತಿಗಳು) ಬುಡಕ್ಕೆ, ಪಾಪೆಟ್ (ಪೋಸ್ಟ್ ಒಳಗಿನ ಸ್ಪ್ರಿಂಗ್ ವಾಲ್ವ್) ನಡುವಿಗೆ, ಪೈಪಿನ ಕ್ಲಾಂಪ್‌ಗಳಿಗೆ ಸಿಂಪಡಿಸಿ. ಸಣ್ಣ ಸೋರಿಕೆ ಗುಳ್ಳೆಯಾಗಿ ಏಳುವುದಿಲ್ಲ, ಎರಡು ಮೂರು ನಿಮಿಷದಲ್ಲಿ ಬಿಳಿ ನೊರೆಯಾಗಿ ಕೂಡಿಕೊಳ್ಳುತ್ತದೆ, ಕಾಯಿರಿ. ಏನೂ ಕಾಣದಿದ್ದರೆ ಕನೆಕ್ಟರ್ ಬಿಚ್ಚಿ, ಕೆಗ್ಗನ್ನು ತಲೆಕೆಳಗು ಮಾಡಿ ನೀರಿನ ಟಬ್ಬಿನಲ್ಲಿ ಅದ್ದಿ. ರೆಗ್ಯುಲೇಟರ್‌ಗೆ ಮಾತ್ರ ನೀರು ತಾಗಬಾರದು.

ಕನೆಕ್ಟರ್ ಬಿಚ್ಚಿಟ್ಟ ಕೆಗ್ ರಾತ್ರಿಯಿಡೀ ಒತ್ತಡ ಹಿಡಿದರೆ ತಪ್ಪು ಪೈಪಿನ ಕಡೆಯದು. ಫ್ಲೇರ್ ಜಾಯಿಂಟ್‌ಗೆ (ಇಳಿಜಾರು ಮುಖಗಳನ್ನು ಒತ್ತಿ ಕೂಡಿಸುವ ಪೈಪ್ ಜೋಡಣೆ) ಟೆಫ್ಲಾನ್ ಟೇಪ್ ಸುತ್ತಬೇಡಿ. ಅಲ್ಲಿ ಗ್ಯಾಸ್ ತಡೆಯುವುದು ಥ್ರೆಡ್ ಅಲ್ಲ, ಇಳಿಜಾರು ಮುಖ. ಈ ರಾತ್ರಿ ಪರೀಕ್ಷೆ ಫ್ರಿಜ್ಜಿನ ಹೊರಗೇ ಇರಲಿ. 28 ಡಿಗ್ರಿಯಿಂದ 4ಕ್ಕೆ ತಣಿದರೆ ಸೋರಿಕೆಯೇ ಇಲ್ಲದ ಕೆಗ್ಗಿನಲ್ಲೂ 30 ಪಿಎಸ್‌ಐ ಸುಮಾರು 26ಕ್ಕೆ ಇಳಿಯುತ್ತದೆ. ಸಿಲಿಂಡರ್ ಕಡೆಯ ಗೇಜನ್ನೂ ನಂಬಬೇಡಿ: ಸಿಲಿಂಡರ್ ಒಳಗೆ ದ್ರವರೂಪದ ಗ್ಯಾಸ್ ಇರುವವರೆಗೂ ಅದು 20 ಡಿಗ್ರಿಯಲ್ಲಿ ಸುಮಾರು 57 ಬಾರ್ ತೋರಿಸುತ್ತಲೇ ಇರುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ತೂಕ ಮಾಡಿ ನೋಡಬೇಕು.

ಬೆಂಗಳೂರಿನವರಿಗೆ ಇನ್ನೊಂದು ಕಾಟ, ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು. ಅದರ ಸುಣ್ಣ ಪಾಪೆಟ್ ಅಂಚಿನಲ್ಲಿ ಕಟ್ಟಿಕೊಂಡರೆ ಹೊಸ ರಿಂಗ್ ಹಾಕಿದರೂ ಸೋರುತ್ತದೆ. ಲೀಟರಿಗೆ 20 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಬೆರೆಸಿ ಅರ್ಧ ಗಂಟೆ ನೆನೆಸಿದರೆ ಬಿಡುತ್ತದೆ. ಬ್ಲೀಚ್ ಬೇಡ, ಸ್ಟೀಲಿಗೆ ಚುಕ್ಕಿ ತೂತು ಬೀಳುತ್ತದೆ.

ಒಂದು ದೂರು ಇದೆ: ಪಾಪೆಟ್ ಒಂದೊಂದು ತಯಾರಿಕೆಯದು ಒಂದೊಂದು ಅಳತೆ. ಹಳೆಯದನ್ನು ಕೈಯಲ್ಲಿ ಹಿಡಿದೇ ಕೊಳ್ಳಲು ಹೋಗಿ. ಬಿಚ್ಚಿದ ಪೋಸ್ಟ್‌ಗಳು ಅದಲುಬದಲಾಗದಂತೆ ನೋಡಿಕೊಳ್ಳಿ, ಗ್ಯಾಸ್ ಕಡೆಯದಕ್ಕೆ ಬುಡದಲ್ಲಿ ಕಚ್ಚು ಇರುತ್ತದೆ. ಬಿಚ್ಚುವ ಮೊದಲು ಸೇಫ್ಟಿ ವಾಲ್ವ್ ಎಳೆದು ಒತ್ತಡ ಪೂರ್ತಿ ಬಿಡಿ, ಕಿಟಕಿ ತೆರೆದಿರಲಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಲ್ಲುತ್ತದೆ.