ಮನೆಗೇ ಬಂದು ವಿವಿಟಿ ಕ್ಲೀನ್ ಮಾಡಿಕೊಡ್ತೇವೆ ಅಂದರೆ ದುಡ್ಡು ಕೊಡುವ ಮೊದಲು ಇದನ್ನು ಓದಿ

ನಿನ್ನೆ ರಾತ್ರಿ ಕಟಪಾಡಿ ಕಡೆಯ ಇನ್ನೊಂದು ವಾಟ್ಸಾಪ್ ಗುಂಪಿನಲ್ಲಿ, ನನಗೆ ಮೋಸ ಮಾಡಿದ ಮೆಕ್ಯಾನಿಕ್‌ನ ಅದೇ ಪೋಸ್ಟರ್ ನೋಡಿದೆ. ಮನೆ ಬಾಗಿಲಲ್ಲೇ ಕಾರ್ ರಿಪೇರಿ, ಇಂಜಿನ್ ಫ್ಲಶ್ (ಒಳಗಿನ ಕೆಸರು ತೊಳೆಯುವುದು), ವಿವಿಟಿ (ಇಂಜಿನ್ನಿನ ವಾಲ್ವ್‌ಗಳು ತೆರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡುವ ವ್ಯವಸ್ಥೆ) ಕ್ಲೀನಿಂಗ್, ಸುರತ್ಕಲ್‌ನಿಂದ ಉಡುಪಿವರೆಗೆ ಎಲ್ಲಿಗೆ ಬೇಕಾದರೂ ಬರುತ್ತೇವೆ ಅಂತ. ಅದೇ ಫೋಟೋ, ಅದೇ ನಂಬರು. ಸಿಟ್ಟಿನಲ್ಲಿ ನಿದ್ದೆ ಬರಲಿಲ್ಲ. ಎರಡು ತಿಂಗಳಿನಿಂದ ಇದನ್ನು ಗುಂಪಿನಲ್ಲಿ ಯಾರಿಗೂ ಹೇಳಿರಲಿಲ್ಲ, ನಾಚಿಕೆಯಾಗಿತ್ತು. ಬ್ಯಾಂಕಿನಲ್ಲಿ ಕೂತು ದಿನಾ ಜನರಿಗೆ ಒಟಿಪಿ ಹೇಳಬೇಡಿ, ಮೋಸ ಹೋಗಬೇಡಿ ಅಂತ ಹೇಳುವವಳು ನಾನು. ನಾನೇ 12,000 ರೂಪಾಯಿ ಕಳೆದುಕೊಂಡೆ ಅಂತ ಯಾವ ಬಾಯಲ್ಲಿ ಹೇಳಲಿ? ಆದರೆ ಸುಮ್ಮನಿದ್ದರೆ ಇನ್ನೊಬ್ಬರ ಮನೆ ಅಂಗಳಕ್ಕೆ ಅವನು ಹೋಗುತ್ತಾನೆ. ಅದಕ್ಕೆ ಬರೆಯುತ್ತಿದ್ದೇನೆ.

ಜೂನ್‌ನಲ್ಲಿ ಆದದ್ದು. ನನ್ನದು 2014ರ ಪೆಟ್ರೋಲ್ ಕಾರು. ದಿನಾ ಕಟಪಾಡಿಯಿಂದ ಮಂಗಳೂರಿಗೆ ನಾನೇ ಓಡಿಸಿಕೊಂಡು ಹೋಗುತ್ತೇನೆ. ಮನೆಯವರು ದುಬೈನಲ್ಲಿ. ಒಂದು ದಿನ ಹೆಜಮಾಡಿ ಟೋಲ್ ಹತ್ತಿರ ಚೆಕ್ ಇಂಜಿನ್ ಲೈಟ್ ಹತ್ತಿಕೊಂಡಿತು. ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ಗಡಗಡ ಅಲುಗುತ್ತಿತ್ತು, ಪಿಕಪ್ ಇರಲಿಲ್ಲ. ಆಯಿಲ್ ಬದಲಿಸುವುದು ತಡವಾಗಿತ್ತು ನಿಜ, 10,000 ಕಿಲೋಮೀಟರ್‌ಗೆ ಮಾಡಬೇಕಾದ್ದು 15,000 ದಾಟಿತ್ತು. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ನಾವಿರುವ ಕಡೆಯ ಗ್ಯಾರೇಜಿನವರು ಮಳೆಗಾಲ, ಕೆಲಸ ಜಾಸ್ತಿ, ಒಂದು ವಾರ ಬಿಟ್ಟು ತನ್ನಿ ಅಂದರು. ಆಗ ಈ ಪೋಸ್ಟರ್ ಕಣ್ಣಿಗೆ ಬಿತ್ತು.

ಭಾನುವಾರ ಬೆಳಿಗ್ಗೆ ಪೋಸ್ಟರಿನ ಆ ಮೆಕ್ಯಾನಿಕ್ ಬೈಕಿನಲ್ಲಿ ಬಂದ. ಒಳ್ಳೆಯ ಮಾತು, ತುಳುವಿನಲ್ಲೇ "ದಾಲ ತೊಂದರೆ ಇಜ್ಜಿ ಅಕ್ಕ" (ಏನೂ ತೊಂದರೆ ಇಲ್ಲ ಅಕ್ಕ) ಅಂದ. ಸ್ಕ್ಯಾನರ್ ಚುಚ್ಚಿ ಪಿ 0011 ಅಂತ ತೋರಿಸಿದ. ಆ ಕೋಡ್ ಸುಳ್ಳಲ್ಲ. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಇರಬೇಕಾದ್ದಕ್ಕಿಂತ ಮುಂದೆ ಹೋಗಿ ನಿಂತಿದೆ ಅಂತ ಅದರ ಅರ್ಥ. ಆದರೆ ಯಾಕೆ ನಿಂತಿದೆ ಅಂತ ಕೋಡ್ ಹೇಳುವುದಿಲ್ಲ, ಅದನ್ನು ಹುಡುಕಬೇಕು. ಅವನು ಹುಡುಕಲಿಲ್ಲ. ಬಾನೆಟ್ ಎತ್ತಿದವನೇ "ವಾಲ್ವ್ ಹೋಗಿದೆ, ಗೇರ್ ಕೂಡ ಜಾಮ್ ಆಗಿದೆ, ಹೀಗೇ ಓಡಿಸಿದರೆ ಇಂಜಿನ್ ಕೈ ಕೊಡ್ತದೆ, ಆಮೇಲೆ ಐವತ್ತು ಅರವತ್ತು ಸಾವಿರ" ಅಂದ. ವಾಲ್ವ್ ಅಂದರೆ ಇಲ್ಲಿ ವಿವಿಟಿಗೆ ಆಯಿಲ್ ಬಿಡುವ ಸಣ್ಣ ಕಂಟ್ರೋಲ್ ವಾಲ್ವ್, ಗೇರ್ ಅಂದರೆ ಕ್ಯಾಮ್‌ಶಾಫ್ಟ್ ತುದಿಯ ಟೈಮಿಂಗ್ ಗೇರ್, ಗೇರ್‌ಬಾಕ್ಸ್ ಅಲ್ಲ. ನಾನು ಎರಡು ಪ್ರಶ್ನೆ ಕೇಳಿದೆ. "ಅಕ್ಕ, ಅದು ನಿಮಗೆ ಅರ್ಥ ಆಗುವುದಿಲ್ಲ, ಭಾವನವರ ನಂಬರ್ ಕೊಡಿ, ನಾನು ಅವರಿಗೆ ಹೇಳ್ತೇನೆ" ಅಂದ. ನನ್ನ ಕಾರು, ನನ್ನ ದುಡ್ಡು. ಆ ಕ್ಷಣವೇ ಹೋಗು ಅನ್ನಬೇಕಿತ್ತು. ಅನ್ನಲಿಲ್ಲ.

ಅವನು ಸ್ಕ್ರೂಡ್ರೈವರ್ ಹಾಕಿ ಮೀಟಿ ವಾಲ್ವನ್ನು ಹೊರಗೆ ಎಳೆದ. ಬೆರಳುದ್ದದ್ದು, ತುಂಬಾ ಕಪ್ಪಾಗಿತ್ತು. ಮನೆಯವರಿಗೆ ಕಳಿಸೋಣ ಅಂತ ಅವನ ಅಂಗೈಯಲ್ಲಿದ್ದಾಗಲೇ ಒಂದು ಫೋಟೋ ತೆಗೆದೆ. ಆ ಫೋಟೋ ಇಲ್ಲದಿದ್ದರೆ ನನಗೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಬೈಕಿನ ಬಾಕ್ಸಿನಿಂದ ಒಂದು ಹೊಸ ಪ್ಯಾಕೆಟ್ ತಂದು ತೋರಿಸಿದ, "ಒರಿಜಿನಲ್, 6,800" ಅಂದ. ಅಷ್ಟರಲ್ಲಿ ಜೋರು ಮಳೆ. ಚಾ ಮಾಡಿ ತರುತ್ತೇನೆ ಅಂತ ಒಳಗೆ ಹೋದೆ. ಹೌದು, ನಾನೇ ಒಳಗೆ ಹೋದೆ, ನಾನೇ ಚಾ ಮಾಡಿಕೊಟ್ಟೆ. ಹೊರಗೆ ಬರುವಾಗ ವಾಲ್ವ್ ಕೂತಾಗಿತ್ತು, ಬೋಲ್ಟ್ ಬಿಗಿದಾಗಿತ್ತು.

ವಾಲ್ವಿಗೆ 6,800, ಟೈಮಿಂಗ್ ಗೇರ್ ಕ್ಲೀನಿಂಗ್ 3,500, ಇಂಜಿನ್ ಫ್ಲಶ್ 1,200, ಬಂದದ್ದಕ್ಕೆ 500. ಒಟ್ಟು 12,000. ಬಿಲ್ ಕೇಳಿದರೆ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ ಅಂದ. ಹಳೇ ಪಾರ್ಟ್ ಕೇಳಿದೆ. "ಅದು ವೇಸ್ಟ್ ಅಕ್ಕ, ನಾನೇ ಬಿಸಾಡ್ತೇನೆ" ಅಂದ. ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಿದ, ಲೈಟ್ ಆರಿತು. ನನಗೆ ಅಷ್ಟೇ ಸಾಕಾಯಿತು. ಕೋಡ್ ಅಳಿಸಿದರೆ ತೊಂದರೆ ಹಾಗೇ ಇದ್ದರೂ ಲೈಟ್ ಸ್ವಲ್ಪ ದಿನ ಆರಿಯೇ ಇರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ನಾಲ್ಕನೇ ದಿನ ಲೈಟ್ ವಾಪಸ್. ಅದೇ ದಿನ ಸಂಜೆ ಕೂಳೂರು ಸೇತುವೆ ಮೇಲೆ ಟ್ರಾಫಿಕ್ ಜಾಮ್‌ನಲ್ಲಿ ಇಂಜಿನ್ ಆಫ್ ಆಯಿತು. ಮಳೆ, ಹಿಂದೆ ಟ್ಯಾಂಕರ್, ಅದರ ಹಿಂದೆ ಎಕ್ಸ್‌ಪ್ರೆಸ್ ಬಸ್, ಎಲ್ಲರೂ ಹಾರ್ನ್. ಮೂರು ಸಲ ಸ್ಟಾರ್ಟ್ ಮಾಡಿ ಮೂರು ಸಲ ಆಫ್ ಆಯಿತು, ಕೊನೆಗೆ ಆಕ್ಸಿಲರೇಟರ್ ಒತ್ತಿ ಹಿಡಿದುಕೊಂಡೇ ಹೇಗೋ ದಾಟಿದೆ. ಮನೆಗೆ ಬಂದು ಫೋನ್ ಮಾಡಿದರೆ "ನಾಳೆ ಬರ್ತೇನೆ ಅಕ್ಕ". ಮರುದಿನ "ಬ್ರಹ್ಮಾವರದಲ್ಲಿದ್ದೇನೆ, ನಾಳೆ". ಮತ್ತೆ "ನಾಳೆ". ಆರು ದಿನ ನಾಳೆ.

ಕೊನೆಗೆ ನನ್ನ ಅಣ್ಣನ ಮಗ ಬಂದ. ಐಟಿಐ ಮುಗಿಸಿ ಒಂದು ವರ್ಷ ಗ್ಯಾರೇಜಿನಲ್ಲಿ ಕೆಲಸ ಮಾಡಿದವನು. "ಅತ್ತೆ, ಬ್ಯಾಟರಿ ನೆಗೆಟಿವ್ ತೆಗೆಯಿರಿ" ಅಂತ ನನ್ನ ಕೈಯಲ್ಲೇ ಮಾಡಿಸಿದ. ಇಂಜಿನ್ ತಣ್ಣಗಿತ್ತು. ಎರಡು ಪಿನ್ನಿನ ಕನೆಕ್ಟರ್ ತೆಗೆದು, ಒಂದೇ ಒಂದು 10 ಎಂಎಂ ಬೋಲ್ಟ್ ಬಿಚ್ಚಿ, ಮೆಲ್ಲ ಆಚೆ ಈಚೆ ತಿರುಗಿಸಿದ, ವಾಲ್ವ್ ಹೊರಗೆ ಬಂತು. ಸ್ಕ್ರೂಡ್ರೈವರ್ ಬೇಕಾಗಲಿಲ್ಲ. ಅದನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟ.

ಬೋಲ್ಟ್ ಕೂರುವ ತಗಡಿನ ಅಂಚಿನಲ್ಲಿ ಒಂದು ಗಾಯ ಇತ್ತು, ಓರೆಯಾಗಿ, ಸ್ಕ್ರೂಡ್ರೈವರ್ ಜಾರಿದ ಹಾಗೆ. ಹೊಸ ಪಾರ್ಟಿಗೆ ಗಾಯ ಹೇಗೆ? ಫೋನಿನಲ್ಲಿದ್ದ ಆ ಹಳೇ ಫೋಟೋ ತೆರೆದು, ದೊಡ್ಡದು ಮಾಡಿ ನೋಡಿದೆ. ಅದೇ ಗಾಯ. ಅದೇ ಜಾಗ, ಅದೇ ಓರೆ. ಅದು ನನ್ನ ಹಳೇ ವಾಲ್ವ್. ಮೇಲಿಂದ ಒರೆಸಿ ಅದನ್ನೇ ವಾಪಸ್ ಹಾಕಿದ್ದ, ನಾನು ಚಾ ಮಾಡುತ್ತಿದ್ದಾಗ. ನಾನು ಅಂಗಳದಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ದುಡ್ಡು ಹೋದದ್ದಕ್ಕಿಂತ ಆ ಹೊಸ ಪ್ಯಾಕೆಟನ್ನು ಅವನು ನನ್ನ ಮುಖದ ಮುಂದೆ ಹಿಡಿದದ್ದು, ನಾನು ತಲೆ ಆಡಿಸಿದ್ದು, ಅದೇ ಅದೇ ನೆನಪಾಗುತ್ತಿತ್ತು.

ಇನ್ನೂ ಇತ್ತು. ಓ ರಿಂಗ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ಗಟ್ಟಿಯಾಗಿ ಸೀಳಿತ್ತು, ಅದನ್ನು ಬದಲಿಸುವ ಬದಲು ಸುತ್ತ ಸಿಲಿಕಾನ್ ಅಂಟು ಮೆತ್ತಿದ್ದ. ಆ ಸಿಲಿಕಾನ್‌ನ ಚೂರುಗಳು ಒಳಗೆ ಹೋಗಿ ವಾಲ್ವಿನ ಸಣ್ಣ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದವು. ವಿವಿಟಿ ನಡೆಯುವುದೇ ಇಂಜಿನ್ ಆಯಿಲ್‌ನ ಒತ್ತಡದಲ್ಲಿ ಅಲ್ವಾ. ಈ ವಾಲ್ವ್ ಒಂದು ನಲ್ಲಿ ಇದ್ದ ಹಾಗೆ, ಕ್ಯಾಮ್ ತುದಿಯ ಗೇರಿಗೆ ಆಯಿಲನ್ನು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಬಿಡುತ್ತದೆ, ಗೇರ್ ಸ್ವಲ್ಪ ತಿರುಗುತ್ತದೆ, ವಾಲ್ವ್‌ಗಳು ತೆರೆಯುವ ಹೊತ್ತು ಹಿಂದೆ ಮುಂದೆ ಆಗುತ್ತದೆ. ಆ ನಲ್ಲಿಗೇ ಕಸ ತುಂಬಿದರೆ? ಮೊದಲು ಬರೀ ಆಯಿಲ್ ಕೆಸರು ಇತ್ತು, ಈಗ ಅದರ ಜೊತೆ ಇವನ ಸಿಲಿಕಾನ್. 3,500 ಕೊಟ್ಟ ಗೇರ್ ಕ್ಲೀನಿಂಗ್ ಬಗ್ಗೆ ಕೇಳಿದರೆ ಹುಡುಗ ಸುಮ್ಮನೆ ಇಂಜಿನ್ನಿನ ಮೇಲಿನ ಕವರ್ ತೋರಿಸಿದ. ಬೋಲ್ಟುಗಳ ಮೇಲೆ ಹಳೇ ಧೂಳು ಹಾಗೇ ಇತ್ತು. ಕವರನ್ನೇ ಬಿಚ್ಚದೆ ಒಳಗಿನ ಗೇರ್ ಹೇಗೆ ಕ್ಲೀನ್ ಮಾಡಿದ? ಫ್ಲಶ್ ಡಬ್ಬಿಯನ್ನೂ ಹಳೇ ಆಯಿಲಿಗೆ ಸುರಿದು ಹಾಗೇ ಬಿಟ್ಟಿದ್ದ, "ಆಯಿಲ್ ಮುಂದಿನ ತಿಂಗಳು ಬದಲಿಸಿದರೆ ಸಾಕು" ಅಂದಿದ್ದ. ಫ್ಲಶ್ ಹಾಕಿದರೆ ಸ್ವಲ್ಪ ಹೊತ್ತು ಇಂಜಿನ್ ಓಡಿಸಿ ಕೂಡಲೇ ಆಯಿಲ್ ಇಳಿಸಬೇಕು. ಆ ತೆಳು ಆಯಿಲಿನಲ್ಲಿ ನಾನು ಹತ್ತು ದಿನ ಓಡಿಸಿದ್ದೇನೆ.

ಹಳೇ ಫೋಟೋ, ಈಗ ಬಿಚ್ಚಿದ ವಾಲ್ವಿನ ಫೋಟೋ ಎರಡನ್ನೂ ಆ ಮೆಕ್ಯಾನಿಕ್‌ಗೆ ಕಳಿಸಿದೆ. ಅವನ ಉತ್ತರಗಳು ಹೀಗೆ. ಮೊದಲು "ಅದು ನ್ಯೂ ಪೀಸೇ ಅಕ್ಕ". ಆಮೇಲೆ "ಕೆಲವು ಕಂಪನಿಯಿಂದಲೇ ಗೀರು ಬಿದ್ದು ಬರ್ತದೆ". ನಾನು ಎರಡೂ ಗೀರಿಗೆ ಕೆಂಪು ವೃತ್ತ ಹಾಕಿ ಕಳಿಸಿದೆ. "ಫೋಟೋದಲ್ಲಿ ಎಲ್ಲ ಒಂದೇ ತರ ಕಾಣ್ತದೆ". ಆಮೇಲೆ "ನೀವು ಬಿಚ್ಚಿದ್ದೀರಿ, ಇನ್ನು ವಾರಂಟಿ ಇಲ್ಲ". ಬಿಲ್ಲೇ ಕೊಡದವನಿಗೆ ಎಂತ ವಾರಂಟಿ ಮಾರಾಯ್ರೆ! ಎರಡು ದಿನ ಬಿಟ್ಟು "1,500 ಹಾಕ್ತೇನೆ, ಗುಂಪಿನಲ್ಲಿ ಹಾಕಬೇಡಿ" ಅಂತ ಬಂತು. ಅಂದರೆ ಗೊತ್ತಿತ್ತು ಅವನಿಗೆ. ಬೇಡ, ಪೂರ್ತಿ ಕೊಡಿ ಅಂದೆ. ಬ್ಲಾಕ್ ಮಾಡಿದ.

ಕಾರು ಈಗ ಸರಿ ಇದೆ, ಅದೇ ಹಳೇ ವಾಲ್ವಿನಲ್ಲಿ! ಹುಡುಗ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಕಪ್ಪು ನೀರು ಬರುವುದು ನಿಲ್ಲುವವರೆಗೆ ತೊಳೆದ. ಬ್ಯಾಟರಿಯಿಂದ 12 ವೋಲ್ಟ್ ಒಂದು ಕ್ಷಣ ಮುಟ್ಟಿಸಿ ನೋಡಿದ. ಮೊದಲು ಒಳಗಿನ ಕಡ್ಡಿ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು, ತೊಳೆದ ಮೇಲೆ ಟಕ್ ಟಕ್ ಅಂತ ಪೂರ್ತಿ ಓಡಿತು. ಜಾಸ್ತಿ ಹೊತ್ತು ಹಿಡಿದರೆ ಕಾಯಿಲ್ ಸುಡುತ್ತದೆ, ಹಿಡಿಯಬೇಡಿ. ಹೊಸ ಓ ರಿಂಗಿಗೆ ಆಯಿಲ್ ಸವರಿ ಕೂರಿಸಿದ. ಆಯಿಲ್, ಫಿಲ್ಟರ್ ಬದಲಿಸಿದ, ಕಾರಿನ ಪುಸ್ತಕದಲ್ಲಿ ಹೇಳಿದ ಗ್ರೇಡೇ. ಕೋಡ್ ಅಳಿಸಿದ ಮೇಲೆ ಇವತ್ತಿನವರೆಗೆ ಲೈಟ್ ಬಂದಿಲ್ಲ. ಆಯಿಲ್ ಬಿಟ್ಟರೆ ಖರ್ಚಾದದ್ದು 500 ರೂಪಾಯಿ ಒಳಗೆ.

ಹಾಗಾಗಿ ದಯವಿಟ್ಟು, ಪಿ 0011 ಬಂದರೆ ಮೊದಲು ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು ಆಯಿಲ್ ನೋಡಿ. ವಾಲ್ವ್ ಬಿಚ್ಚಿ ತೊಳೆಯುವುದು ತುಂಬಾ ಕಾರುಗಳಲ್ಲಿ ಮನೆಯಲ್ಲೇ ಆಗುವ ಕೆಲಸ, ಗೊತ್ತಿರುವವರು ಒಬ್ಬರು ಪಕ್ಕದಲ್ಲಿರಲಿ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಇಂಜಿನ್ ಮುಂದಿನಿಂದ ಕಟಕಟ ಸದ್ದು ಬಂದರೆ ಮಾತ್ರ ಮನೆಯಲ್ಲಿ ಕೈ ಹಾಕಬೇಡಿ, ಅದು ಗೇರ್ ಅಥವಾ ಚೈನ್ ಇರಬಹುದು. ಯಾರೇ ಬಂದರೂ ಹಳೇ ಪಾರ್ಟ್ ನಿಮ್ಮ ಕೈಗೆ ಬರುವವರೆಗೆ ದುಡ್ಡು ಕಳಿಸಬೇಡಿ. ಮತ್ತೆ ಚಾ ಮಾಡಲು ಒಳಗೆ ಹೋಗಬೇಡಿ, ಪಕ್ಕದಲ್ಲೇ ನಿಂತಿರಿ.

1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ನನ್ನ ಹತ್ತಿರ ಇರುವುದು ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್, ಎರಡು ಫೋಟೋ, ಅವನ ಮೆಸೇಜುಗಳು. ದುಡ್ಡು ಹೋದದ್ದು ಕೂಡ ಬೇರೆ ಯಾರದೋ ಹೆಸರಿನ ಖಾತೆಗೆ. ಕಾಪು, ಪಡುಬಿದ್ರಿ, ಮುಲ್ಕಿ ಕಡೆ ಯಾರಿಗಾದರೂ ಇದೇ ತರ ಆಗಿದ್ದರೆ ನನಗೆ ಮೆಸೇಜ್ ಮಾಡಿ, ನಾಚಿಕೆ ಮಾಡಿಕೊಳ್ಳಬೇಡಿ. ಒಬ್ಬಳ ದೂರಿಗಿಂತ ನಾಲ್ಕು ಜನರದ್ದು ಒಟ್ಟಿಗೆ ಹೋಗಲಿ.