ಆರ್‌ವಿಯಲ್ಲಿ ಅಮೆರಿಕ ದಾಟಲು ಯಾವ ದಾರಿ: 90, 70, ಇಲ್ಲ 40?

ನ್ಯೂಜೆರ್ಸಿ ಕಡೆಯಿಂದ ಪಶ್ಚಿಮಕ್ಕೆ ಆರ್‌ವಿಯಲ್ಲಿ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಮನೆಗಾಡಿಯಲ್ಲಿ, ಹೊರಡುವವರು ಮೊದಲು ಕೇಳುವುದು "ಯಾವ ದಾರಿ ಚೆನ್ನಾಗಿದೆ?" ಅಂತ. ಐ-90, ಐ-70, ಐ-40 ಎಂಬ ಮೂರು ಇಂಟರ್‌ಸ್ಟೇಟ್ ಹೆದ್ದಾರಿಗಳಲ್ಲೂ ನಾವು ಹೋಗಿ ನೋಡಿದ್ದೇವೆ. ಮೂರೂ ಚೆನ್ನಾಗಿವೆ. ಕಾರಿನವರಿಗೆ ಇಷ್ಟು ಉತ್ತರ ಸಾಕು, ಆರ್‌ವಿಯವರಿಗೆ ಸಾಲದು. ಹನ್ನೊಂದು ಅಡಿಗಿಂತ ಎತ್ತರದ ಗಾಡಿಯನ್ನು ಹೆದ್ದಾರಿಯಿಂದ ಇಳಿಸಿ ಸಣ್ಣ ರಸ್ತೆಗೆ ತಿರುಗಿಸುವುದು ಸುಲಭದ ಕೆಲಸವಲ್ಲ. ನೋಡಬೇಕಾದ ಜಾಗ ಹೆದ್ದಾರಿಯಿಂದ ಎಷ್ಟು ಮೈಲಿ ಒಳಗಿದೆ, ಅಲ್ಲಿಯವರೆಗೆ ಗಾಡಿ ಹೋಗುತ್ತದೆಯೇ, ರಾತ್ರಿ ಅಲ್ಲೇ ನಿಲ್ಲಿಸಬಹುದೇ ಎಂದು ನೋಡಿಯೇ ನಾನು ದಾರಿ ಆರಿಸುತ್ತೇನೆ. ಐ-80 ಬಗ್ಗೆ ಇಲ್ಲಿ ಬರೆಯುತ್ತಿಲ್ಲ. ಬೇಗ ತಲುಪಲು ಅದು ಒಳ್ಳೆಯ ರಸ್ತೆ, ಆದರೆ ನೆಬ್ರಾಸ್ಕದ ಉದ್ದಕ್ಕೂ ಲಾರಿಗಳ ನಡುವೆ ಓಡಿಸುವುದಕ್ಕೆ ಯಾರೂ ರಜೆ ಹಾಕುವುದಿಲ್ಲ.

ಐ-90 ಬಾಸ್ಟನ್‌ನಿಂದ ಸಿಯಾಟಲ್‌ವರೆಗೆ 3,000 ಮೈಲಿಗೂ ಹೆಚ್ಚು ಉದ್ದ, ದೇಶದ ಅತಿ ಉದ್ದದ ಇಂಟರ್‌ಸ್ಟೇಟ್. ಸೌತ್ ಡಕೋಟಾದ ಚೇಂಬರ್ಲೇನ್‌ನಲ್ಲಿ ಮಿಸೌರಿ ನದಿ ದಾಟಿದ ಮೇಲೆ ಅದರ ನಿಜವಾದ ಸೊಗಸು ಶುರು. ಎಕ್ಸಿಟ್ 131ರಲ್ಲಿ ಇಳಿದು ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಒಳಗಿನ ರಸ್ತೆ ಹಿಡಿದರೆ ವಾಲ್ ಊರಿನ ಬಳಿ, ಎಕ್ಸಿಟ್ 110ರಲ್ಲಿ, ಮತ್ತೆ ಹೆದ್ದಾರಿಗೇ ಬಂದು ಸೇರುತ್ತೀರಿ. ಹಿಂದಕ್ಕೆ ಬರುವ ಗೋಜಿಲ್ಲ. ಗೆರೆ ಗೆರೆಯಾಗಿ ಪದರಗಟ್ಟಿದ ಗುಡ್ಡಗಳು ರಸ್ತೆಯ ಅಂಚಿನಲ್ಲೇ ಇವೆ. ಮಂಡಿನೋವಿನಿಂದ ಹೆಚ್ಚು ನಡೆಯಲಾಗದ ನಮ್ಮಮ್ಮ ಊಟದ ಮೇಜಿನ ಪಕ್ಕದ ದೊಡ್ಡ ಕಿಟಕಿಯಿಂದಲೇ ಅಷ್ಟನ್ನೂ ನೋಡಿದರು. ಊರಿಂದ ಅಪ್ಪ-ಅಮ್ಮ ಬಂದಾಗ ನಾನು ಮೊದಲು 90 ಎನ್ನುವುದು ಇದಕ್ಕೇ. ಕೂತಲ್ಲಿಂದಲೇ ಕಾಣುವುದು ಈ ದಾರಿಯಲ್ಲಿ ಬಹಳ.

ಮುಂದೆ ಸಿಗುವ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಲ್ಲಿ ಮಾತ್ರ ಮ್ಯಾಪ್ ತೋರಿಸಿದ ಕಡೆಗೆಲ್ಲ ಗಾಡಿ ತಿರುಗಿಸಬೇಡಿ. ನೀಡಲ್ಸ್ ಹೈವೇಯ ಸುರಂಗವೊಂದರ ಅಗಲ ಬರೀ 8 ಅಡಿ, ಎತ್ತರ ಹತ್ತು ಅಡಿಯೂ ಇಲ್ಲ. ಬಾಡಿಗೆಗೆ ಸಿಗುವ ಮಾಮೂಲಿ ಮೋಟರ್‌ಹೋಮ್ ಅದರಲ್ಲಿ ತೂರುವುದಿಲ್ಲ. ಅದರ ಬದಲು ಕಸ್ಟರ್ ಪಾರ್ಕಿನ ವೈಲ್ಡ್‌ಲೈಫ್ ಲೂಪ್ ಹಿಡಿಯಿರಿ. ಕಾಡೆಮ್ಮೆಗಳ ಹಿಂಡು ರಸ್ತೆಗೇ ಬಂದು ನಿಲ್ಲುತ್ತದೆ. ಅಲ್ಲಿಂದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಬಿಗ್‌ಹಾರ್ನ್ ಬೆಟ್ಟ ದಾಟಬೇಕು. ಯುಎಸ್-14ಎ ರಸ್ತೆ ಬಹಳ ಕಡಿದು, ಬಫಲೋ ಊರಿನಿಂದ ಹೊರಡುವ ಯುಎಸ್-16 ಸಲೀಸು. ಅದು 9,666 ಅಡಿ ಎತ್ತರದ ಪೌಡರ್ ರಿವರ್ ಪಾಸ್ ಹತ್ತಿ ಟೆನ್ ಸ್ಲೀಪ್ ಕಣಿವೆಗೆ ಇಳಿಯುತ್ತದೆ.

ಐ-70 ವಿಷಯ ಬೇರೆ. ಕ್ಯಾನ್ಸಸ್‌ನಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಡೆನ್ವರ್ ದಾಟಿದರೆ ಹೆದ್ದಾರಿಯೇ ನೋಡುವ ಜಾಗ, ಎಲ್ಲಿಗೂ ತಿರುಗಬೇಕಿಲ್ಲ. ಬರೀ ಚೆಲುವಿನ ಲೆಕ್ಕ ಹಾಕಿದರೆ ಮೂರರಲ್ಲಿ ಇದಕ್ಕೇ ನನ್ನ ಓಟು. ಆದರೆ ಅದರ ಶ್ರಮ ಪೂರ್ತಿ ಬೀಳುವುದು ಓಡಿಸುವವರ ಮೇಲೆ. ಐಸೆನ್‌ಹೋವರ್ ಸುರಂಗ ಇರುವುದು 11,158 ಅಡಿ ಎತ್ತರದಲ್ಲಿ, ಎರಡೂ ಕಡೆ ಮೈಲಿಗಟ್ಟಲೆ ಇಳಿಜಾರು. ಶಿರಾಡಿ ಘಾಟಿಯಂಥ ತಿರುವುಗಳಿಲ್ಲ, ರಸ್ತೆ ಅಗಲವಾಗಿದೆ, ಆದ್ದರಿಂದಲೇ ಗಾಡಿಯ ವೇಗ ಏರಿದ್ದು ಗೊತ್ತಾಗುವುದಿಲ್ಲ. ಸಿಲ್ವರ್‌ಥಾರ್ನ್ ಕಡೆಗೆ ಇಳಿಯುವಾಗ ಪಕ್ಕದಲ್ಲಿದ್ದ ಅಪ್ಪ, "ಬ್ರೇಕ್ ಒತ್ತಿಕೊಂಡೇ ಹೋಗ್ಬೇಡ ಕಣೋ, ಗೇರಲ್ಲಿ ಇಳಿಸು" ಅಂದರು. ಹಾಸನ–ಮಂಗಳೂರು ನಡುವೆ ವರ್ಷಗಟ್ಟಲೆ ಓಡಾಡಿದವರ ಮಾತು ಅದು, ರಾಕಿ ಬೆಟ್ಟಗಳಿಗೂ ಹಾಗೇ ಸಲ್ಲುತ್ತದೆ. ಇಳಿಯುವ ಮೊದಲೇ, ಎಂಜಿನ್ನೇ ವೇಗ ತಡೆಯಲು ನೆರವಾಗುವ ಟೋ/ಹಾಲ್ ಬಟನ್ ಒತ್ತಿ, ಕೆಳ ಗೇರಿಗೆ ಹಾಕಿ, ಬ್ರೇಕನ್ನು ಆಗಾಗ ಒತ್ತಿ ಬಿಡುತ್ತಿರಬೇಕು. ಬ್ರೇಕ್ ಕಾದ ಲಾರಿಗಳು ನುಗ್ಗಿ ನಿಲ್ಲಲೆಂದು ಪಕ್ಕದಲ್ಲಿ ಜಲ್ಲಿಯ ದಿಬ್ಬಗಳನ್ನು ಮಾಡಿಟ್ಟಿದ್ದಾರೆ. ಅವನ್ನು ಕಂಡರೆ ಇಳಿಜಾರಿನ ಅಂದಾಜು ಸಿಗುತ್ತದೆ.

ಗ್ಲೆನ್‌ವುಡ್ ಕಣಿವೆಯನ್ನು ಸಾಧ್ಯವಾದರೆ ಪಶ್ಚಿಮದಿಂದ ಪೂರ್ವಕ್ಕೆ ದಾಟಿ. 1992ರಲ್ಲಿ ಪೂರ್ತಿಯಾದ ಈ ಹೆದ್ದಾರಿಯ ಪೂರ್ವಕ್ಕೆ ಹೋಗುವ ಪಥ ಕೆಳಗೆ, ಕೊಲರಾಡೊ ನದಿಯ ಮಗ್ಗುಲಲ್ಲೇ ಇದೆ. ಪಶ್ಚಿಮಕ್ಕೆ ಹೋಗುವ ಪಥವನ್ನು ಹಲವೆಡೆ ಕಂಬಗಳ ಮೇಲೆ ಎತ್ತರದಲ್ಲಿ ಕಟ್ಟಿದ್ದಾರೆ. ಪೂರ್ವಕ್ಕೆ ಬರುವಾಗ ಬಲಗಡೆ ಕಿಟಕಿಯ ಕೆಳಗೇ ನೀರು, ಆಚೆ ದಡದಲ್ಲಿ ರೈಲು ಹಳಿ, ಅದರ ಹಿಂದೆ ನೆಟ್ಟಗೆ ಎದ್ದ ಬಂಡೆಗೋಡೆ. ಯೂಟಾದಲ್ಲಿ ಗ್ರೀನ್ ರಿವರ್‌ನಿಂದ ಸಲೈನಾವರೆಗೆ ನೂರು ಮೈಲಿಗೂ ಹೆಚ್ಚು ದೂರ ಪೆಟ್ರೋಲ್ ಬಂಕ್ ಇಲ್ಲ, ಅಂಗಡಿ ಇಲ್ಲ. ಟ್ಯಾಂಕ್ ತುಂಬಿಸಿಕೊಂಡೇ ಹೊರಡಿ. ನಡುವೆ ಬರುವ ಸ್ಯಾನ್ ರಫೇಲ್ ಸ್ವೆಲ್‌ನ ಕೆಂಪು ಕಣಿವೆಗಳನ್ನು ನೋಡಲು ಹೆದ್ದಾರಿ ಬದಿಯಲ್ಲೇ ದೊಡ್ಡ ಗಾಡಿ ನಿಲ್ಲಿಸುವಷ್ಟು ಜಾಗ ಮಾಡಿದ್ದಾರೆ.

ಐ-40 ಓಡಿಸಲು ಮೂರರಲ್ಲಿ ಹಗುರ. ಹಳೆಯ ರೂಟ್ 66 ಬಹುದೂರ ಇದರ ಪಕ್ಕದಲ್ಲೇ ಸಾಗುತ್ತದೆ, 1926ರ ದಾರಿ ಅದು. ಇಲ್ಲಿನ ತೊಂದರೆಯೆಂದರೆ ದೊಡ್ಡ ನೋಟಗಳೆಲ್ಲ ಒಳಗಡೆ. ಪಾಲೊ ಡ್ಯೂರೊ ಕಣಿವೆಗೆ ಅಮರಿಲೊದಿಂದ ದಕ್ಷಿಣಕ್ಕೆ ಹೋಗಬೇಕು, ಗ್ರ್ಯಾಂಡ್ ಕ್ಯಾನ್ಯನ್‌ಗೆ ವಿಲಿಯಮ್ಸ್‌ನಿಂದ ಉತ್ತರಕ್ಕೆ 60 ಮೈಲಿ. ಮರಗಳು ಕಲ್ಲಾಗಿರುವ ಪೆಟ್ರಿಫೈಡ್ ಫಾರೆಸ್ಟ್ ಒಂದು ಮಾತ್ರ ಹೆದ್ದಾರಿಗೇ ಅಂಟಿಕೊಂಡಿದೆ. ಟೆಕ್ಸಸ್‌ನ ಅಡ್ಡಗಾಳಿಗೆ ಎತ್ತರದ ಗಾಡಿ ಪಕ್ಕಕ್ಕೆ ಎಳೆಯುತ್ತದೆ, ಸ್ಟೀರಿಂಗ್ ಬಿಗಿಯಾಗಿ ಹಿಡಿದಿರಬೇಕು. ಬೇಸಿಗೆಯಲ್ಲಿ ಅರಿಜೋನ ಗಡಿ ದಾಟಿ ಕ್ಯಾಲಿಫೋರ್ನಿಯಾದ ನೀಡಲ್ಸ್ ಊರಿಗೆ ಬಂದರೆ ಎಸಿ ಆರಿಸುವ ಹಾಗೇ ಇಲ್ಲ. ಗಾಡಿ ನಿಲ್ಲಿಸುವಲ್ಲಿ ಸಿಗುವ 30 ಆ್ಯಂಪ್ ಕರೆಂಟ್ ಹುಕಪ್ಪಿನಲ್ಲಿ ಎಸಿ ಜೊತೆ ಇಂಡಕ್ಷನ್ ಒಲೆ ಹಾಕಿದರೆ ಬ್ರೇಕರ್ ಟ್ರಿಪ್ ಆಗಬಹುದು.

ಅಡುಗೆಯ ವಿಷಯ ಮೂರೂ ದಾರಿಗೂ ಒಂದೇ. ಒಗ್ಗರಣೆಯನ್ನು ಹೊರಗಿನ ಪಿಕ್‌ನಿಕ್ ಮೇಜಿನ ಮೇಲೆ ಹಾಕಿ, ಇಲ್ಲದಿದ್ದರೆ ಸ್ಮೋಕ್ ಅಲಾರಂ ಕೂಗುತ್ತದೆ. ಕುಕ್ಕರ್ ಮರೆಯಬೇಡಿ. ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್‌ನ 7,000 ಅಡಿ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ಒಲ್ಲದು.

ಈಗ ಆಯ್ಕೆ. ಅಪ್ಪ-ಅಮ್ಮ, ಮಕ್ಕಳು ಜೊತೆಗಿದ್ದು ಮೊದಲ ಸಲ ಹೊರಟಿದ್ದರೆ ಜೂನ್‌ನಿಂದ ಸೆಪ್ಟೆಂಬರ್ ನಡುವೆ 90. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಯೆಲ್ಲೊಸ್ಟೋನ್‌ನ ಬಹುತೇಕ ರಸ್ತೆಗಳು ಮುಚ್ಚಿರುತ್ತವೆ, ಆಗ 40 ವಾಸಿ, ಆದರೂ ಫ್ಲ್ಯಾಗ್‌ಸ್ಟಾಫ್‌ನ ಹಿಮದ ಮೇಲೆ ಕಣ್ಣಿರಲಿ. ಘಾಟಿ ಇಳಿಸಿ ಅಭ್ಯಾಸವಿರುವ ಇಬ್ಬರು ಸರದಿಯಲ್ಲಿ ಓಡಿಸುವುದಾದರೆ 70, ಅದೂ ವಾಪಸು ಬರುವಾಗ. ನಮ್ಮ ಮನೆಯಲ್ಲಿ ಈಗ ರೂಢಿಯಾಗಿರುವುದೂ ಅದೇ, ಹೋಗುವಾಗ 90, ಬರುವಾಗ 70. ಹೊರಟಲ್ಲಿಗೇ ಬಾಡಿಗೆ ಗಾಡಿ ಹಿಂದಿರುಗಿಸುವುದರಿಂದ ಒನ್‌ವೇ ಶುಲ್ಕವೂ ಉಳಿಯುತ್ತದೆ. 90 ಅಂತ ನಿಶ್ಚಯವಾದರೆ ಗಾಡಿಗಿಂತ ಮೊದಲು ಯೆಲ್ಲೊಸ್ಟೋನ್‌ನ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್ ಬುಕ್ ಮಾಡಿ. ಪಾರ್ಕಿನೊಳಗೆ ನೀರು, ಕರೆಂಟ್, ಸೀವರ್ (ಕೊಳಚೆ ಕೊಳವೆ) ಮೂರೂ ಸಿಗುವುದು ಅಲ್ಲೊಂದೇ ಕಡೆ. ಕರಡಿಗಳ ಓಡಾಟ ಇರುವುದರಿಂದ ಗಟ್ಟಿ ಗೋಡೆಯ ಗಾಡಿಗಳನ್ನಷ್ಟೇ ಬಿಡುತ್ತಾರೆ. ಅಲ್ಲಿ ಸಿಕ್ಕ ದಿನಾಂಕಕ್ಕೆ ಉಳಿದ ಊರುಗಳನ್ನು ಹೊಂದಿಸಿಕೊಳ್ಳಬಹುದು.