ಮನೆಯಡುಗೆಯೋ, ತಳ್ಳುಗಾಡಿಯೋ, ಮಳಿಗೆಯೋ?

ತಿಂಡಿ ವ್ಯಾಪಾರಕ್ಕೆ ವರ್ಷಗಟ್ಟಲೆ ಲೆಕ್ಕಾಚಾರ ಬೇಡ. ಎಲ್ಲಿಂದ ಮಾರುವುದೆಂದು ತೀರ್ಮಾನಿಸಿ, ಈ ವಾರವೇ ಒಲೆ ಹಚ್ಚಿ.

ಬಂಡವಾಳಕ್ಕೆ ಮನೆಯೇ ಅಗ್ಗ. ಒಲೆ, ಬಾಣಲೆ ಇದ್ದೇ ಇವೆ. ಗಾಡಿಗೆ ತುಸು ಹಣ ಬೇಕು. ಬೀದಿ ವ್ಯಾಪಾರಿಗಳಿಗೆಂದು 2020ರಲ್ಲಿ ಬಂದ ಪಿಎಂ ಸ್ವನಿಧಿಯಲ್ಲಿ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಮಳಿಗೆಯಾದರೆ ಮೊದಲ ಗಿರಾಕಿ ಬರುವ ಮುನ್ನವೇ ಮುಂಗಡ ಕೊಡಬೇಕು.

ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ನೋಂದಣಿ ಮೂರಕ್ಕೂ ಬೇಕು, ಮನೆಯಡುಗೆಗೂ ವಿನಾಯಿತಿಯಿಲ್ಲ.

ಬೇಗ ಕಲಿಯಲು ಗಾಡಿಗೆ ಸಾಟಿಯಿಲ್ಲ. ತಟ್ಟೆಯಲ್ಲಿ ಚಟ್ನಿ ಉಳಿದರೆ ಏನೋ ತಪ್ಪಿದೆಯೆಂದು ಅಲ್ಲೇ ಗೊತ್ತಾಗುತ್ತದೆ, ಮರುದಿನ ತಿದ್ದಬಹುದು. ಆದರೆ ಮಳೆ ಹಿಡಿದರೆ ವ್ಯಾಪಾರ ನಿಂತಂತೆಯೇ.

ಚಟ್ನಿಪುಡಿ, ಕಟಕ್ ರೊಟ್ಟಿಯಂಥ ಕೆಡದ ಪದಾರ್ಥಕ್ಕೆ, ಮಕ್ಕಳನ್ನು ನೋಡಿಕೊಳ್ಳುವವರಿಗೆ ಮನೆ ಒಳ್ಳೆಯದು. ಬಿಸಿ ಇಡ್ಲಿಗೆ ಗಾಡಿ. ಖಾಯಂ ಗಿರಾಕಿಗಳಿದ್ದು, ಆರು ತಿಂಗಳ ಬಾಡಿಗೆ ಕೈಯಲ್ಲಿದ್ದವರು ಮಾತ್ರ ಮಳಿಗೆ ಹಿಡಿಯಲಿ.